ಶೇಕದಾರ್ ಮಾವನವರ ಆಟದ ಸಿದ್ಧತೆ

ಆ ದಿನ ಬೆಳಿಗ್ಗೆ ಎಂದಿನಂತೆ ಐದು ಗಂಟೆಗೆ ಎದ್ದು, ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು, ಬಚ್ಚಲ ಒಲೆಗೆ ಉರಿ ಮಾಡಿ, ಹಾಲಿನ ಚೆಂಬು ಹಿಡಿದು ಹಿತ್ತಲ ಬಾಗಿಲು ತೆಗೆದೆ. ಪಕ್ಕದ ಮನೆಯ ಪುಟ್ಟನಂಜಮ್ಮ ಗಿಡ್ಡ ಗೋಡೆಯ ಆಚೆ ನಿಂತು ನನಗೆ ಹಾಲು ಅಳೆದು ಕೊಡುತ್ತಿದ್ದುದು ಆ ಹೊತ್ತಿಗೇ. ಚೆಂಬು ಚಾಚಿದವಳು ಚಾಚಿದ ಹಾಗೇ ನಿಂತುಬಿಟ್ಟೆ. ನಮ್ಮ ಮಾವನವರು ಒಗೆಯುವ ಕಲ್ಲಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ನಾನು ಹಿಂದಿನ ಸಂಜೆಯಷ್ಟೇ ಬಿಳಿ ಬಳಿದು ಒಣಗಿಸಿಟ್ಟಿದ್ದ ಅವರ ಕ್ಯಾನ್ವಾಸ್ ಶೂಗಳನ್ನು ಬಕೆಟ್ಟಿನಲ್ಲಿ ಅದ್ದಿ ಅದ್ದಿ ತೊಳೆಯುತ್ತಿದ್ದರು. ನೀರು ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು.

"ಏನವ್ವ ಇದು? ನಿಮ್ ಮಾವ ಶೂಗೆ ಎಣ್ಣೆನೀರು ಹಾಕ್ತಾವ್ರಲ್ಲ!" ಎಂದರು ಪುಟ್ಟನಂಜಮ್ಮ.

ಏಳು ಗಂಟೆಗೆ ಚಾಮರಾಜನಗರದ ಬಸ್ಸು. ಹತ್ತು ಗಂಟೆಗೆ ಅಲ್ಲಿ ಪಂದ್ಯ. ಆ ಪಂದ್ಯಕ್ಕೆ ತಡವಾದರೆ ಮಾವನವರು ಗುಂಡ್ಲುಪೇಟೆ ತಂಡದಲ್ಲಿ ಇನ್ನೆಂದೂ ಆಡುವ ಹಾಗಿಲ್ಲ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಾವನವರ ಹೆಸರು ಮಾದಪ್ಪ. ಕಂದಾಯ ಇಲಾಖೆಯಲ್ಲಿ ಶೇಕದಾರರಾಗಿ ಊರೂರಿನ ಪಹಣಿ ನೋಡುತ್ತ ತಿರುಗಿ, ಗುಂಡ್ಲುಪೇಟೆಯಲ್ಲೇ ರಿಟೈರಾದವರು. ಕೆಲಸ ಬಿಟ್ಟರೂ ಹೆಸರಿನ ಹಿಂದಿನ ಶೇಕದಾರ್ ಬಿಡಲಿಲ್ಲ. ಎತ್ತರದ ಆಳು, ತೆಳ್ಳಗೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕಿವಿಯ ಮೇಲೆ ಬಿಳಿ ಕೂದಲು. ನಾನು ಮದುವೆಯಾಗಿ ಬರುವ ಹೊತ್ತಿಗೆ ಅತ್ತೆ ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಯಲ್ಲಿದ್ದುದು ಮಾವ, ಮಿಡ್ಲ್ ಸ್ಕೂಲಿನ ಮೇಷ್ಟ್ರಾಗಿದ್ದ ನನ್ನ ಯಜಮಾನರು, ನಾನು. ಮಾವನಿಗೆ ಊಟದಲ್ಲಿ ಇಂಥದೇ ಬೇಕೆಂಬ ಹಟವಿಲ್ಲ, ಬಟ್ಟೆಯಲ್ಲಿ ಇಲ್ಲ, ಯಾರ ಮೇಲೂ ದನಿ ಎತ್ತಿದವರಲ್ಲ. ಅವರಿಗಿದ್ದ ಆಸೆ ಒಂದೇ, ಬಾಲ್ ಬ್ಯಾಡ್ಮಿಂಟನ್. ತಾಲ್ಲೂಕು ಕಚೇರಿಯ ಹಿಂದಿನ ಬಯಲಿನಲ್ಲಿ ಸಂಜೆ ಐದಕ್ಕೆ ಕಚೇರಿಯ ಗುಮಾಸ್ತರು, ಮೇಷ್ಟ್ರುಗಳು ಸೇರಿ ಆಡುತ್ತಿದ್ದರು. ಒಂದು ಕಡೆಗೆ ಐದು ಜನ, ನಡುವೆ ಬಲೆ, ಹಳದಿ ಉಲ್ಲನ್ನಿನ ಚೆಂಡು. ಅರವತ್ತು ದಾಟಿದ ಮಾವನವರು ಹಿಂದಿನ ಸಾಲಿನ ಎಡಮೂಲೆಯಲ್ಲಿ ನಿಲ್ಲುತ್ತಿದ್ದರು. ಓಡುವುದು ಕಡಿಮೆ. ಆದರೆ ಚೆಂಡು ಅವರಿದ್ದ ಕಡೆಗೇ ಬರುತ್ತಿತ್ತು ಎಂದು ನಮ್ಮ ಯಜಮಾನರು ಹೇಳುತ್ತಿದ್ದರು.

ಆಡಲಿ, ಬೇಡವೆಂದವರಾರು? ನನ್ನ ತಕರಾರು ಆಟದ ಮೇಲಲ್ಲ. ಐದು ಗಂಟೆಯ ಆಟಕ್ಕೆ ಮೂರು ಗಂಟೆಗೆ ಶುರುವಾಗುತ್ತಿದ್ದ ಸಿದ್ಧತೆಯ ಮೇಲೆ.

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಒಂದು ಗಂಟೆ ಹೊಡೆದರೆ ಪುಸ್ತಕ ಮುಚ್ಚಬೇಕು. ಇನ್ನೊಂದು ಗಂಟೆ ಹೊಡೆಯುವುದರೊಳಗೆ ಮೈದಾನದಲ್ಲಿ ಸಾಲಾಗಿ ನಿಂತಿರಬೇಕು. ನಡುವೆ ಇರುವುದು ಐದು ನಿಮಿಷ. ಆ ಐದು ನಿಮಿಷದಲ್ಲಿ ಜಡೆ ಮಡಿಸಿ ಕಟ್ಟಿಕೊಂಡು, ಶೂ ಲೇಸು ಬಿಗಿದುಕೊಂಡು, ನೀರು ಕುಡಿದು ಓಡುತ್ತಿದ್ದವಳು ನಾನು. ಅಂಥವಳ ಕಣ್ಣ ಮುಂದೆ ಒಬ್ಬ ಮನುಷ್ಯ ಒಂದು ಬ್ಯಾಟನ್ನು ಹೊರಗೆ ತೆಗೆಯಲು ಹತ್ತು ನಿಮಿಷ ತೆಗೆದುಕೊಂಡರೆ ಹೇಗಾಗಬೇಡ!

ಬ್ಯಾಟು ಸೊಟ್ಟಗಾಗಬಾರದೆಂದು ಅದನ್ನು ಎರಡು ಮರದ ಚೌಕಟ್ಟುಗಳ ನಡುವೆ ಇಟ್ಟು, ನಾಲ್ಕು ಮೂಲೆಗೆ ನಾಲ್ಕು ತಿರುಪು ಬಿಗಿದಿರುತ್ತಿದ್ದರು. ಅದಕ್ಕೆ ಪ್ರೆಸ್ಸು ಎಂದು ಹೆಸರು. ಮೂರು ಗಂಟೆಗೆ ಮುಖ ತೊಳೆದು, ವಿಭೂತಿ ಧರಿಸಿ, ಜಗಲಿಯ ಮೇಲೆ ಕಂಬಕ್ಕೆ ಒರಗಿ ಕುಳಿತು ಪ್ರೆಸ್ಸನ್ನು ತೊಡೆಯ ಮೇಲೆ ಇಟ್ಟುಕೊಳ್ಳುವರು. ಒಂದು ತಿರುಪು ಅರ್ಧ ಸುತ್ತು. ಆಮೇಲೆ ಅದರ ಎದುರು ಮೂಲೆಯದು ಅರ್ಧ ಸುತ್ತು. ಹೀಗೆ ನಾಲ್ಕನ್ನೂ ಸುತ್ತಿ ಬಂದು ಮತ್ತೆ ಮೊದಲಿನದಕ್ಕೆ. "ಒಂದನ್ನೇ ಪೂರ್ತಿ ಬಿಚ್ಬುಟ್ರೆ ಬ್ಯಾಟು ಮುನಿಸ್ಕೊಳ್ತದೆ ಕಣವ್ವ" ಎನ್ನುವರು. ಬ್ಯಾಟು ಹೊರಗೆ ಬಂದ ಮೇಲೆ ಅದರ ತಂತಿಗಳನ್ನು ಒಂದೊಂದಾಗಿ ಉಗುರಿನಿಂದ ಮೀಟಿ ಕಿವಿಗಿಟ್ಟು ಕೇಳುವರು. ನಾನು ಮದುವೆಯಾಗಿ ಬಂದ ಎರಡನೆಯ ದಿನ ಒಳಗಿನಿಂದ ಆ ಟಿಂವ್ ಟಿಂವ್ ಕೇಳಿ, "ನಿಮ್ಮ ತಂದೆಯವರು ವೀಣೆ ನುಡಿಸ್ತಾರಾ?" ಎಂದು ಯಜಮಾನರನ್ನು ಕೇಳಿದ್ದೆ. ಅವರು ಬಿದ್ದು ಬಿದ್ದು ನಕ್ಕಿದ್ದರು.

ತಂತಿಯಾದ ಮೇಲೆ ಹಿಡಿ. ಹಿಡಿಗೆ ಸುತ್ತಿದ್ದ ಬಟ್ಟೆಯನ್ನು ದಿನಾ ಬಿಚ್ಚಿ ಹೊಸದನ್ನು ಸುತ್ತಬೇಕು. ಅದಕ್ಕೆ ಹಳೆಯ ಮೆತ್ತನೆಯ ಪಂಚೆಯಿಂದ ಎರಡು ಬೆರಳಗಲದ ಪಟ್ಟಿ ನಾನು ಕೊಡಬೇಕು. ಹರಿದುಕೊಟ್ಟರೆ ಆಗದು. "ಹರಿದ್ರೆ ಅಂಚು ನೂಲು ಬುಡ್ತದೆ, ಕತ್ರೀಲಿ ಕತ್ತರ್ಸು ಮಗ." ಅದಾದ ಮೇಲೆ ಚೆಂಡು. ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಮೂರು ಚೆಂಡು. ಒಂದೊಂದನ್ನೂ ಅಂಗೈಗಳ ನಡುವೆ ಉಂಡೆಯಂತೆ ಉರುಳಿಸಿ, ಎದೆಯ ಎತ್ತರದಿಂದ ಜಗಲಿಯ ಕಲ್ಲಿನ ಮೇಲೆ ಬಿಡುವರು. ಅದು ನೇರ ಮೇಲಕ್ಕೆ ಎದ್ದರೆ ಸರಿ. ಒಂದು ಕಡೆಗೆ ವಾಲಿ ಎದ್ದರೆ, "ಎಲ್ಲೋ ತೆಳ್ಳಗಾಗದೆ" ಎಂದು ದಬ್ಬಳ ತೆಗೆದು ಉಲ್ಲನ್ ಸೇರಿಸುವರು. ಒಮ್ಮೆ ಅವರ ಉಲ್ಲನ್ ಮುಗಿದಿತ್ತು. ನಾನು ತಂಗಿಯ ಮಗುವಿಗೆಂದು ಹಳದಿ ಸ್ವೆಟರ್ ಹೆಣೆಯುತ್ತಿದ್ದೆ. "ನಿಮ್ ಕಾನ್ವೆಂಟಿನ ಉಲ್ಲನ್ನು ಒಸಿ ಸಿಕ್ತದಾ?" ಎಂದು ಎಷ್ಟು ಸಂಕೋಚದಿಂದ ಕೇಳಿದರೆಂದರೆ ಇಲ್ಲವೆನ್ನಲಾಗಲಿಲ್ಲ. ಸ್ವೆಟರಿನ ಒಂದು ತೋಳು ಚೆಂಡಿಗೆ ಹೋಯಿತು. ಮಗು ಆ ಚಳಿಗಾಲವನ್ನು ಒಂದೇ ತೋಳಿನ ಸ್ವೆಟರಿನಲ್ಲೇ ಕಳೆಯಿತು.

ಕೊನೆಗೆ ಶೂ. ಯಜಮಾನರು ಶಾಲೆಯಿಂದ ತರುತ್ತಿದ್ದ ಸೀಮೆಸುಣ್ಣದ ಮುರುಕುಗಳನ್ನು ನಾನು ಪುಡಿ ಮಾಡಿ ಕೊಡಬೇಕು. ಅವರು ಅದನ್ನು ನೀರಿನಲ್ಲಿ ಕಲಸಿ, ಬಟ್ಟೆಯ ಚಿಂದಿಯಲ್ಲಿ ಅದ್ದಿ, ಹಿಮ್ಮಡಿಯಿಂದ ಶುರುಮಾಡಿ ಮುಂದಕ್ಕೆ ಬಳಿಯುವರು. ಲೇಸಿನ ತೂತುಗಳಿಗೆ ಸುಣ್ಣ ಕೂರದ ಹಾಗೆ ಒಂದೊಂದಕ್ಕೂ ಕಡ್ಡಿ. ಅದು ಬಿಸಿಲಿಗೆ ಒಣಗಿದ ಮೇಲೆ ಒಂದು ಚೂರು ಬೆಲ್ಲ, ಅರ್ಧ ಲೋಟ ನೀರು. ಕಣ್ಣು ಮುಚ್ಚಿ ಐದು ನಿಮಿಷ ಸುಮ್ಮನೆ ಕೂರುವುದು. ಆಮೇಲೆ, "ಬತ್ತೀನಿ ಕಣವ್ವ."

ಇಷ್ಟರಲ್ಲಿ ನನ್ನನ್ನು ಹತ್ತು ಸಲ ಕೂಗಿರುತ್ತಿದ್ದರು. ಕತ್ತರಿ ಎಲ್ಲಿ, ಬಿಸಿನೀರು ಒಂದು ಗುಟುಕು, ಸೀಮೆಸುಣ್ಣ ತರಿ ತರಿಯಾಗದೆ ನೋಡು. ನಾನು ಸಿಡುಕುವವಳಲ್ಲ. ಸಿಡುಕಬಾರದೆಂದೇ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಆದರೆ ಬಾಣಲೆಯ ಮೇಲೆ ಸೌಟನ್ನು ಜೋರಾಗಿ ಬಡಿಯಬಾರದೆಂದು ಯಾರೂ ಹೇಳಿರಲಿಲ್ಲ.

ಒಂದು ದಿನವಂತೂ ಎಲ್ಲ ಮುಗಿಸಿ, ಶೂ ತೊಟ್ಟು, ಬ್ಯಾಟು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಇಳಿದರು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬಂದ ಮಳೆ ದಬದಬನೆ ಸುರಿಯಿತು. ನನಗೇ ಅಳು ಬಂತು. ಎರಡು ಗಂಟೆಯ ಕೆಲಸ! ಅವರು ಪೆಚ್ಚಾಗಿರುತ್ತಾರೆಂದು ಕಾಫಿ ಮಾಡಿಕೊಂಡು ಹೋದರೆ, ಜಗಲಿಯ ಮೇಲೆ ಕುಳಿತು ತಿರುಪುಗಳನ್ನು ಅರ್ಧರ್ಧ ಸುತ್ತು ಬಿಗಿಯುತ್ತಿದ್ದರು.

"ಬೇಜಾರಾಯ್ತಾ ಮಾವ?"

"ಯಾಕವ್ವ ಬೇಜಾರು? ಆಡಿದಂಗೇ ಆಯ್ತು ಬುಡು." ಕಾಫಿ ಕುಡಿದು, ಮಳೆ ನೋಡುತ್ತ, ಆಡಿ ಬಂದವರ ಹಾಗೇ ಕಾಲು ನೀಡಿ ಕುಳಿತರು. ನನಗೆ ಆ ಕಾಫಿಯ ಲೋಟವನ್ನು ಕಿತ್ತುಕೊಳ್ಳಬೇಕೆನಿಸಿತು. ಹಾಗಾದರೆ ಬಯಲಿಗೆ ಹೋಗುವುದಾದರೂ ಯಾಕೆ?

ಅದನ್ನೇ ಒಮ್ಮೆ ಕೇಳಿಯೂ ಕೇಳಿದೆ. "ಮಾವ, ತಪ್ಪು ತಿಳೀಬೇಡಿ. ಒಂದು ಗಂಟೆಯ ಆಟಕ್ಕೆ ಇಷ್ಟೆಲ್ಲ ಯಾಕೆ?"

ಅವರು ಬಲಗೈಯನ್ನು ನನ್ನ ಮುಂದೆ ಚಾಚಿದರು. ಅದು ಸಣ್ಣಗೆ ನಡುಗುತ್ತಿತ್ತು. ಆ ನಡುಕ ನಾನು ನೋಡದ್ದೇನಲ್ಲ. ಮಜ್ಜಿಗೆಯ ಲೋಟ ಹಿಡಿದರೆ ತಟ್ಟೆಗೆ ತಾಗಿ ಟಕಟಕ ಎನ್ನುತ್ತಿತ್ತು. ವಯಸ್ಸಿನದೆಂದುಕೊಂಡಿದ್ದೆ.

"ಇದು ಇವತ್ತಿಂದಲ್ಲ ಕಣವ್ವ. ಹುಡುಗ್ನಾಗಿದ್ದಾಗ್ಲಿಂದ ಅದೆ. ಪುಣಜನೂರ್ ಕಡೆ ಹೊಸದಾಗಿ ಶೇಕದಾರ್ ಆಗಿದ್ದೆ. ಸಾಹೇಬ್ರು ಕ್ಯಾಂಪು ಬಂದ್ರು. ಪುಸ್ತಕ ಮುಂದಿಟ್ಟು ರುಜು ಹಾಕು ಅಂದ್ರು. ಕೈ ಹಿಂಗೇ ಕುಣೀತು. ಮಸಿ ಕುಡ್ಕೆ ಉರುಳ್ಕಂಡು ಸಾಹೇಬ್ರ ಬಿಳೀ ಪ್ಯಾಂಟ್ ಮೇಲೆ!"

"ಅಯ್ಯೋ! ಬೈದ್ರಾ?"

"ಬೈಲಿಲ್ಲ. ಪುಣ್ಯಾತ್ಮರು. ಸಂಜೆ ಡೇರೆ ಮುಂದೆ ಆಡ್ತಿದ್ರು. ನನ್ನ ಕರೆದು ಬ್ಯಾಟು ಕೊಟ್ಟು, ಆಡ್ಬೇಡ, ಮೊದ್ಲು ಒರ್ಸು ಅಂದ್ರು. ಒರಸ್ದೆ. ಒರಸ್ತಾ ಒರಸ್ತಾ ಕೈ ತಣ್ಣಗಾಯ್ತು. ಆಮೇಲೆ ರುಜು ಹಾಕೋಕೆ ಮುಂಚೆಯೂ ಲೇಖಣಿ ಒರಸ್ಕಂಡೇ ಮೂವತ್ತು ವರ್ಷ ನೌಕರಿ ಮಾಡ್ಬುಟ್ಟೆ."

ಕಥೆ ಚೆನ್ನಾಗಿದೆ ಎಂದುಕೊಂಡೆ. ಅಷ್ಟೇ. ಎಲ್ಲ ಗಂಡಸರೂ ತಮ್ಮ ಚಟಕ್ಕೆ ಒಂದು ಕಥೆ ಇಟ್ಟುಕೊಂಡಿರುತ್ತಾರೆ ಎಂದು ನನ್ನ ಲೆಕ್ಕ.

ಚಾಮರಾಜನಗರದವರೊಡನೆ ವರ್ಷಕ್ಕೊಂದು ಪಂದ್ಯ. ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ. ಅದಕ್ಕೆ ಹಿಂದಿನ ಎರಡು ಪಂದ್ಯಗಳಿಗೂ ಮಾವನವರು ಬೆಳಿಗ್ಗೆ ಸಿದ್ಧತೆಗೆ ಕುಳಿತು ತಡವಾಗಿ ಹೋಗಿ, ಎದುರಾಳಿಗಳು ಬಿಸಿಲಲ್ಲಿ ಕಾದು ಗೊಣಗಿದ್ದರಂತೆ. ಪಂದ್ಯದ ಹಿಂದಿನ ವಾರ ತಂಡದ ಸೆಕ್ರೆಟರಿ, ತಾಲ್ಲೂಕು ಕಚೇರಿಯ ಗುಮಾಸ್ತ ರಾಜಶೇಖರ ನಮ್ಮ ಮನೆಗೆ ಬಂದ. ಮಾವ ಮಠಕ್ಕೆ ಹೋಗಿದ್ದರು. ನಾನು ಬಾಗಿಲ ಮರೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ.

"ಮೇಷ್ಟ್ರೇ, ನೀವೇ ಒಂದ್ ಮಾತು ಹೇಳ್ಬುಡಿ. ಈ ಸಲವೂ ಲೇಟಾದ್ರೆ ಅವ್ರ ಜಾಗಕ್ಕೆ ಟೈಪಿಸ್ಟ್ ಮಹದೇವನ್ನ ಇಳಿಸ್ತೀವಿ. ಆಮೇಲೆ ಅವನೇ ಪರ್ಮನೆಂಟು. ಹುಡುಗ್ರು ಕೇಳ್ತಾ ಇಲ್ಲ ಸಾರ್, ನಾನೇನ್ ಮಾಡ್ಲಿ?"

ಯಜಮಾನರು ರಾತ್ರಿಯ ಊಟಕ್ಕೆ ಕುಳಿತಾಗ ಹೇಳಿದರು. ಮಾವ ಮುದ್ದೆ ಮುರಿಯುತ್ತ, "ನ್ಯಾಯವೇ ಕಣ್ಲಾ. ಹುಡುಗ್ರು ಕಾಯ್ಬೇಕಾ ನನ್ಗೆ?" ಎಂದರು. ಮುದ್ದೆಯನ್ನು ಸಾರಿಗೆ ಅದ್ದುವಾಗ ಎರಡು ಹನಿ ಎಲೆಯಾಚೆ ಬಿತ್ತು.

ಆಗ ನನ್ನ ಕಾನ್ವೆಂಟಿನ ಬುದ್ಧಿ ಓಡಿತು. ಬೆಳಿಗ್ಗೆ ಏಳರ ಬಸ್ಸಿಗೆ ಹೊರಡಬೇಕಾದರೆ ಹಿಂದಿನ ಸಂಜೆಯೇ ಎಲ್ಲ ಆಗಿರಬೇಕು. ಪಂದ್ಯದ ಹಿಂದಿನ ದಿನ ಸಂಜೆ ಆಟವಿರಲಿಲ್ಲ. ಮಠದಲ್ಲಿ ಪ್ರವಚನವಿತ್ತು. ಬಂದು ಸಿದ್ಧತೆ ಮಾಡಿಕೊಳ್ಳುತ್ತೇನೆಂದು ಹೇಳಿ ಮಾವ ಹೋದರು. ಅವರು ಬೀದಿಯ ತಿರುವು ದಾಟುತ್ತಲೇ ನಾನು ಜಗಲಿಯ ಮೇಲೆ ಕುಳಿತೆ. ನಾಲ್ಕು ತಿರುಪು, ಅರ್ಧರ್ಧ ಸುತ್ತು. ಹಿಡಿಗೆ ಹೊಸ ಪಟ್ಟಿ, ಕತ್ತರಿಯಲ್ಲಿ ಕತ್ತರಿಸಿದ್ದು. ಒಂದು ಚೆಂಡು ವಾಲುತ್ತಿತ್ತು, ಅದಕ್ಕೆ ಉಲ್ಲನ್. ಶೂಗೆ ಹಿಮ್ಮಡಿಯಿಂದ ಮುಂದಕ್ಕೆ ಬಿಳಿ, ತೂತು ತೂತಿಗೂ ಕಡ್ಡಿ. ನೋಡಿ ನೋಡಿ ಎಲ್ಲ ಬಾಯಿಪಾಠವಾಗಿತ್ತಲ್ಲ. ಒಟ್ಟು ಮುಕ್ಕಾಲು ಗಂಟೆ ಹಿಡಿಯಿತು. ಇಷ್ಟಕ್ಕೆ ಆ ಮನುಷ್ಯ ಎರಡು ಗಂಟೆ ಏನು ಮಾಡುತ್ತಾರೆ ಎಂದು ಸ್ವಲ್ಪ ಹೆಮ್ಮೆಯಿಂದಲೇ ಯೋಚಿಸಿದೆ.

ಮಾವ ಬಂದರು. "ಮಾವ, ಎಲ್ಲ ಆಗಿದೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಹೊರಡೋದಷ್ಟೇ!" ಎಂದೆ.

ಅವರು ಒಂದೊಂದನ್ನೂ ನೋಡಿದರು. ಶೂವನ್ನು ಮುಟ್ಟಲು ಹೋದವರು ಕೈ ಹಿಂದಕ್ಕೆ ತೆಗೆದುಕೊಂಡರು. "ಭೇಷ್. ಕಾನ್ವೆಂಟು ಅಂದ್ರೆ ಕಾನ್ವೆಂಟೇ" ಎಂದರು. ಜಗಲಿಯ ಮೇಲೆ ಎಂದಿನ ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ಕುಳಿತರು. ಎರಡು ಕೈಗಳನ್ನೂ ಮಂಡಿಯ ಮೇಲೆ ಇಟ್ಟುಕೊಂಡು, ಏನೂ ಮಾಡದೆ. ಊಟ ಮಾಡಿ ಬೇಗ ಮಲಗಿದರು. ಮಲಗಿದರೇ ಹೊರತು ನಿದ್ದೆ ಮಾಡಿರಲಿಲ್ಲವೆಂದು ನನಗೆ ಗೊತ್ತಾದದ್ದು ಬೆಳಿಗ್ಗೆ, ಆ ಬಕೆಟ್ಟಿನ ಬಿಳಿ ನೀರು ಕಂಡ ಮೇಲೆ.

"ಮಾವ! ಇದೇನು ಮಾಡ್ತಿದ್ದೀರಿ?"

"ಕೋಪ ಮಾಡ್ಕಬೇಡ ಮಗ. ಒಸಿ ಹೊತ್ತು. ಆಗೋಯ್ತದೆ."

ಆಗುವುದೆಲ್ಲಿಂದ! ತೊಳೆದ ಶೂಗಳನ್ನು ಅಡುಗೆಮನೆಗೆ ತಂದರು. ಒಲೆಯ ಕೆಂಡವನ್ನು ಮುಂದಕ್ಕೆಳೆದು, ಮೇಲೆ ಬಿದಿರ ಬುಟ್ಟಿ ಬೋರಲಿಟ್ಟು, ಅದರ ಮೇಲೆ ಶೂ. ನನ್ನ ಉಪ್ಪಿಟ್ಟಿನ ಬಾಣಲೆ ಒಂದು ಕಡೆ, ಅವರ ಕ್ಯಾನ್ವಾಸು ಒಂದು ಕಡೆ. ಒಗ್ಗರಣೆಗೂ ಹಸಿ ರಬ್ಬರಿನ ವಾಸನೆ. ಅವು ಆರುವವರೆಗೆ ಜಗಲಿಗೆ ಹೋಗಿ ಬ್ಯಾಟು ಎತ್ತಿಕೊಂಡರು. ನಾನು ಸುತ್ತಿದ್ದ ಪಟ್ಟಿ ಬಿಚ್ಚಿದರು. ಬಿಚ್ಚಲಿ. ಆದರೆ ಮುಂದೆ ಮಾಡಿದ್ದನ್ನು ನೋಡಿ ನನಗೆ ತಲೆ ತಿರುಗಿತು. ಹೊರಗಿದ್ದ ಬ್ಯಾಟನ್ನು ಪ್ರೆಸ್ಸಿನೊಳಗೆ ಇಟ್ಟು, ನಾಲ್ಕು ತಿರುಪನ್ನೂ ಬಿಗಿದರು. ಬಿಗಿದು, ಒಂದು ಕ್ಷಣ ಕುಳಿತು, ಮತ್ತೆ ಅರ್ಧರ್ಧ ಸುತ್ತು ಬಿಚ್ಚಲು ಶುರುಮಾಡಿದರು.

ಆರೂವರೆಗೆ ಯಜಮಾನರು ಛತ್ರಿ ಹಿಡಿದು ಬಾಗಿಲಿಗೆ ಬಂದರು. ಸ್ಕೋರು ಬರೆಯುವವರು ಅವರೇ ಆದ್ದರಿಂದ ತಡಮಾಡುವ ಹಾಗಿರಲಿಲ್ಲ. "ಅಪ್ಪಾ, ಬಸ್ಸು!"

"ನೀನ್ ನಡೀಲಾ. ಬತ್ತೀನಿ."

ಯಜಮಾನರು ನನ್ನ ಕಡೆ ತಿರುಗಿ, "ಹೇಗಾದ್ರೂ ಮಾಡಿ ಕರ್ಕೊಂಡು ಬಾ" ಎಂದು ಹೊರಟೇಬಿಟ್ಟರು. ಹೇಗಾದರೂ ಎಂದರೆ ಹೇಗೆ? ಬಗಲಲ್ಲಿ ಎತ್ತಿಕೊಂಡು ಹೋಗಲೇ?

ಶೂ ಒಣಗಿ, ಬಿಳಿ ಬಳಿದು, ಅದೂ ಒಣಗಿ, ಬೆಲ್ಲ ತಿಂದು, ಕಣ್ಣು ಮುಚ್ಚಿ ತೆರೆಯುವ ಹೊತ್ತಿಗೆ ನಡುಮನೆಯ ಗಡಿಯಾರ ಎಂಟೂಕಾಲು ತೋರಿಸುತ್ತಿತ್ತು. ಇನ್ನೊಂದು ಬಸ್ಸು ಒಂಬತ್ತೂವರೆಗೆ. ಮನೆಗೆ ಬೀಗ ಹಾಕಿ ನಾನೂ ಹೊರಟೆ.

ಬಸ್ಸಿನಲ್ಲಿ ಕಂಡಕ್ಟರು, "ಏನ್ ಶೇಕದಾರ್ರೇ, ಟೀಮು ಏಳರ ಬಸ್ಸಲ್ಲೇ ಓಯ್ತಲ್ಲ?" ಎಂದ.

"ಟೀಮು ಹೋಯ್ತಪ್ಪ. ನಾನು ಈಗ ಹೋಗ್ತಾ ಇವ್ನಿ."

ತೆರಕಣಾಂಬಿಯಲ್ಲಿ ಬಸ್ಸು ನಿಂತಿತು. ಜನ ಇಳಿದರು, ಅರಿಶಿನದ ಮೂಟೆ ಹತ್ತಿತು, ಡ್ರೈವರು ಟೀ ಕುಡಿಯಲು ಹೋದ. ನನಗೆ ತಡೆಯಲಾಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರೆದುರು ದನಿ ಎತ್ತಿರಲಿಲ್ಲ, ಅಂದು ಎತ್ತಿದೆ.

"ಮಾವ, ತಡವಾದ್ರೆ ನಿಮ್ಮ ಜಾಗ ಹೋಗುತ್ತೆ ಅಂತ ಗೊತ್ತಿತ್ತು. ನಾನು ಅದಕ್ಕೇ ತಾನೇ ಕೂತು ಎಲ್ಲ ಮಾಡಿಟ್ಟಿದ್ದು? ಏನು ಕಡಿಮೆಯಾಗಿತ್ತು ನಾನು ಮಾಡಿದ್ದರಲ್ಲಿ? ಹೇಳಿ."

"ಏನೂ ಕಮ್ಮಿಯಾಗಿರ್ಲಿಲ್ಲ ಕಣವ್ವ. ನನಗಿಂತ ಸೊಗಸಾಗೇ ಮಾಡಿದ್ದೆ."

"ಮತ್ತೆ?"

ಅವರು ಕಿಟಕಿಯ ಕಡೆ ನೋಡಿದರು. "ನೀನು ಬಳಿದ್ರೆ ಶೂ ಬೆಳ್ಳಗಾಯ್ತದೆ. ನನ್ ಕೈ? ನೆನ್ನೆ ಸಂಜೆಯಿಂದ ಕುಣೀತಾನೇ ಇತ್ತು. ಎಲ್ಲ ಆಗೋಗದೆ, ಮಾಡೋಕೇನೂ ಇಲ್ಲ. ಸುಮ್ನೆ ಹೋಗ್ಬುಡಾನ ಅಂತ್ಲೇ ಬೆಳಗ್ಗೆ ಎದ್ದೆ ಮಗ. ನೀನು ಕಷ್ಟಪಟ್ಟಿದ್ದೀಯಲ್ಲ ಅಂತ. ಚೆಂಬಲ್ಲಿ ನೀರು ಎತ್ಕಂಡ್ರೆ ಅರ್ಧ ಚೆಂಬು ಮೈಮೇಲೇ ಚೆಲ್ತು. ಆ ಕೈಲಿ ಏಳು ಗಂಟ್ಗೆ ಹೋಗಿ ಏನ್ ಮಾಡ್ಲಿ? ಹುಡುಗ್ರ ಮುಂದೆ ಚೆಂಡು ಬುಟ್ಟು ನಗಿಸ್ಲಾ?"

ಆಮೇಲೆ ಬಲಗೈಯನ್ನು ಬ್ಯಾಟಿನ ಮೇಲಿನಿಂದ ತೆಗೆದು ಚಾಚಿದರು. ಬಸ್ಸಿನ ಎಂಜಿನ್ನು ನಿಂತಿತ್ತು. ಕೈ ಅಲುಗುತ್ತಿರಲಿಲ್ಲ.

ನನಗೆ ಸಿಟ್ಟು ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಹಾಗೇ ಇತ್ತು. ಅದನ್ನು ಯಾರ ಮೇಲೆ ಇಡಬೇಕೆಂದು ಮಾತ್ರ ತಿಳಿಯದಾಯಿತು. ಹಿಂದಿನ ಸಂಜೆ ನಾನು ಸುಮ್ಮನಿದ್ದಿದ್ದರೆ, ಮಠದಿಂದ ಬಂದು ಅವರೇ ಎರಡು ಗಂಟೆ ಕುಳಿತು ಎಲ್ಲ ಮುಗಿಸಿ, ನೆಮ್ಮದಿಯಾಗಿ ಮಲಗಿ, ಏಳರ ಬಸ್ಸಿಗೆ ಮಗನ ಜೊತೆ ಹೋಗಿರುತ್ತಿದ್ದರು.

ನನ್ನ ತಂಗಿಯ ಮನೆ ಚಾಮರಾಜನಗರದ ಆಟದ ಬಯಲಿನ ಎದುರಿಗೇ ಇತ್ತು. ನಾನು ಅವಳ ಜಗಲಿಯ ಮೇಲೆ ನಿಂತು ನೋಡಿದೆ. ಹನ್ನೊಂದು ದಾಟಿತ್ತು. ಹಿಂದಿನ ಸಾಲಿನ ಎಡಮೂಲೆಯಲ್ಲಿ ಟೈಪಿಸ್ಟ್ ಮಹದೇವ ನಿಂತಿದ್ದ. ರಾಜಶೇಖರ ಮಾವನವರನ್ನು ಕಂಡು ಓಡಿಬಂದ.

"ಸಾರ್, ಒಂದ್ ಗೇಮು ಮುಗೀತು. ಗೆದ್ದೋ. ಎರಡನೇದು ನಡೀತಾ ಅದೆ. ಈಗ..." ಎಂದು ತಲೆ ಕೆರೆದುಕೊಂಡ.

"ಆಡಿ ಆಡಿ. ನಾನು ನೋಡ್ತೀನಿ." ಮಾವ ಬೆಂಚಿನ ಮೇಲೆ ಕುಳಿತರು. ಬ್ಯಾಟು ಮಡಿಲಲ್ಲಿ.

ಎರಡನೆಯ ಗೇಮು ಚಾಮರಾಜನಗರದವರ ಪಾಲಾಯಿತು. ಮೂರನೆಯದರಲ್ಲಿ ಇಬ್ಬರೂ ಇಪ್ಪತ್ತಾರಕ್ಕೆ ಬಂದು ನಿಂತರು. ಇಪ್ಪತ್ತೊಂಬತ್ತು ಮುಟ್ಟಿದವರು ಗೆದ್ದ ಹಾಗೆ. ಆಗ ಮಹದೇವ ಹೊಡೆದ ಚೆಂಡು ಎದುರಾಳಿಗಳ ಹಿಂದಿನ ಗೆರೆಯ ಹತ್ತಿರ ಬಿತ್ತು. ಹತ್ತಿರ ಎನ್ನುತ್ತೇನೆ, ಏಕೆಂದರೆ ಅಲ್ಲಿ ಗೆರೆಯೇ ಇರಲಿಲ್ಲ. ತುಳಿದು ತುಳಿದು ಸುಣ್ಣವೆಲ್ಲ ಕೆಮ್ಮಣ್ಣಿನಲ್ಲಿ ಬೆರೆತುಹೋಗಿತ್ತು.

"ಔಟು!"

"ಯಾವ್ದ್ಲಾ ಔಟು? ಗೆರೆ ಎಲ್ಲದೆ ತೋರ್ಸು!"

"ಕಣ್ ಕಾಣಲ್ವೇನ್ಲಾ ಗುಂಡ್ಲುಪೇಟೆಯೋನೆ?"

ಮಹದೇವ ಬ್ಯಾಟನ್ನು ನೆಲಕ್ಕೆಸೆದು ಬಲೆಯ ಕೆಳಗೆ ನುಗ್ಗಿದ. ಆ ಕಡೆಯ ದಪ್ಪಗಿನ ಯುವಕನೊಬ್ಬ ತೋಳೇರಿಸಿದ. ಅಂಪೈರು ಇಬ್ಬರ ನಡುವೆ ಸಿಕ್ಕಿಕೊಂಡರು. ನಮ್ಮ ಯಜಮಾನರು ಸ್ಕೋರಿನ ಪುಸ್ತಕವನ್ನು ಎದೆಗವಚಿಕೊಂಡು ಎದ್ದು ನಿಂತರು. ಯಾರೋ ಯಾರದೋ ಅಂಗಿಯ ಕಾಲರು ಹಿಡಿದದ್ದು ಕಾಣಿಸಿತು.

ಮಾವನವರು ಬೆಂಚಿನಿಂದ ಎದ್ದರು. ಬ್ಯಾಟನ್ನು ಬೆಂಚಿನ ಮೇಲೆ ಇಟ್ಟರು. ಬಗ್ಗಿ, ಲೇಸು ಬಿಚ್ಚಿ, ಶೂಗಳನ್ನು ತೆಗೆದು ಬೆಂಚಿನ ಕೆಳಗೆ ಜೋಡಿಸಿದರು. ಬರಿಗಾಲಲ್ಲಿ ನಡುವೆ ಹೋಗಿ ನಿಂತರು.

"ಗೆರೆಯೇ ಇಲ್ದೆ ಏನ್ ಕಿತ್ತಾಡ್ತೀರ್ಲಾ? ಹೋಗಿ, ಸುಣ್ಣ ತಕಂಡ್ ಬನ್ನಿ. ಒಂದು ದಾರ. ಒಂದು ತೂತಿರೋ ಚಿಪ್ಪು."

ಅವರ ದನಿಯಲ್ಲಿ ಹಳೆಯ ಶೇಕದಾರಿಕೆ ಇತ್ತೋ ಏನೋ, ಯಾರೋ ಓಡಿದರು. ನಾನು ನಿಂತಿದ್ದ ಜಗಲಿಯಿಂದಲೇ ತಂಗಿಯ ತೆಂಗಿನ ಚಿಪ್ಪೊಂದು ಹೋಯಿತು. ಮಾವ ದಾರದ ಒಂದು ತುದಿಯನ್ನು ಮಹದೇವನ ಕೈಗೆ ಕೊಟ್ಟರು, ಇನ್ನೊಂದನ್ನು ಆ ದಪ್ಪ ಯುವಕನಿಗೆ. ಇಬ್ಬರನ್ನೂ ಎರಡು ಮೂಲೆಗಳಲ್ಲಿ ಕುಕ್ಕರಗಾಲಲ್ಲಿ ಕೂರಿಸಿದರು.

"ಬಿಗಿಯಾಗಿ ಹಿಡ್ಕಳಿ. ಅಲ್ಲಾಡಂಗಿಲ್ಲ. ನೀವು ಅಲ್ಲಾಡಿದ್ರೆ ಗೆರೆ ಸೊಟ್ಟ."

ಚಿಪ್ಪಿನ ತೂತಿನಿಂದ ಸುಣ್ಣ ಸಣ್ಣಗೆ ಸುರಿಯಿತು. ಒಂದು ಗೇಣು, ಇನ್ನೊಂದು ಗೇಣು. ನಡುವೆ ನಿಂತು ಒಂದು ಕಣ್ಣು ಮುಚ್ಚಿ ನೋಡುವರು. ಸರಿಯಿಲ್ಲವೆನಿಸಿದರೆ ಹೆಬ್ಬೆರಳಿನಿಂದ ಅಳಿಸಿ ಮತ್ತೆ. ಹಿಂದಿನ ಗೆರೆ, ಪಕ್ಕದ್ದು, ಮುಂದಿನದು. "ಬೇಗ ಶೇಕದಾರ್ರೇ, ಬಿಸ್ಲು" ಎಂದು ಯಾರೋ ಕೂಗಿದರೆ, "ಆಯ್ತು ಆಯ್ತು" ಎನ್ನುವರೇ ಹೊರತು ಕೈ ಬೇಗವಾಗುವುದಿಲ್ಲ. ನನಗೆ ಎಷ್ಟು ಪರಿಚಯ ಆ "ಆಯ್ತು ಆಯ್ತು"! ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಆಟಗಾರರು ನೆರಳಿಗೆ ಬಂದು ಕುಳಿತಿದ್ದರು. ಇವರ ನೀರಿನ ಕೊಡದಿಂದ ಅವರು ಕುಡಿದರು. ದಾರ ಹಿಡಿದ ಇಬ್ಬರೂ ಮೊದಲು ದುರುಗುಟ್ಟಿಕೊಂಡು ನೋಡುತ್ತಿದ್ದರು, ಕೊನೆಯ ಗೆರೆಯ ಹೊತ್ತಿಗೆ ದಪ್ಪ ಯುವಕ ಮಹದೇವನಿಗೆ, "ನಿಂಗೂ ಕಾಲು ಜೋಮು ಹಿಡೀತೇನ್ಲಾ?" ಎಂದು ಕೇಳಿದ. ಸುತ್ತಲಿದ್ದವರೆಲ್ಲ ನಕ್ಕರು.

ಆ ಪಾಯಿಂಟನ್ನು ಮತ್ತೆ ಆಡಿಸಿದರು. ಕೊನೆಗೆ ಪಂದ್ಯವನ್ನು ಗುಂಡ್ಲುಪೇಟೆಯವರೇ ಗೆದ್ದರು. ಮಹದೇವನನ್ನು ಎತ್ತಿ ಕುಣಿದರು. ರಾಜಶೇಖರ ಬೆವರು ಒರೆಸಿಕೊಳ್ಳುತ್ತ ಮಾವನವರ ಹತ್ತಿರ ಬಂದು, ನಿಜವಾದ ಪ್ರೀತಿಯಿಂದಲೇ ಹೇಳಿದ: "ಸಾರ್, ಮುಂದಿನ್ ಸಲವೂ ನೀವು ಬರ್ಲೇಬೇಕು. ಗೆರೆ ಹಾಕೋಕೆ ನಿಮ್ಮಂಥೋರು ಇನ್ಯಾರೂ ಇಲ್ಲ."

"ಆಗ್ಲಪ್ಪ" ಎಂದರು ಮಾವ. ಕಾಲಿನ ಮಣ್ಣು ಕೊಡವಿ, ಬೆಂಚಿನ ಕೆಳಗಿನಿಂದ ಶೂ ತೆಗೆದುಕೊಂಡರು. ಅವುಗಳ ಮೇಲೆ ಒಂದು ಕಣ ಕೆಂಪು ಇರಲಿಲ್ಲ.

ಆ ಮುಂದಿನ ಸಲ ಅವರು ಹೋಗಲಿಲ್ಲ. ಸಂಜೆಯ ಆಟಕ್ಕೂ ಮತ್ತೆ ಹೋಗಲಿಲ್ಲ. ಯಾರೂ ಬೇಡವೆನ್ನಲಿಲ್ಲ, ಅವರೂ ಬೇಸರ ತೋರಿಸಲಿಲ್ಲ. ಎರಡು ವರ್ಷದ ಮೇಲೆ ಒಂದು ಮಳೆಗಾಲದಲ್ಲಿ, ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡರು. ಕೊನೆಯ ಎರಡು ದಿನ ಗಂಜಿಯನ್ನು ನಾನೇ ಚಮಚದಲ್ಲಿ ಕುಡಿಸುತ್ತಿದ್ದೆ. ಕೈ ಹಾಸಿಗೆಯ ಮೇಲೆ ಕುಣಿಯುತ್ತಲೇ ಇತ್ತು.

ಆದರೆ ಅವರು ನಮ್ಮ ಮನೆಯಿಂದ ಹೋದದ್ದು ಆ ಪಂದ್ಯದ ದಿನವೇ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಅಂದು ಸಂಜೆ ಐದಕ್ಕೆ ಊರಿಗೆ ಮರಳಿದೆವು. ಯಜಮಾನರು ತಂಡದವರ ಜೊತೆ ಹೋಟೆಲಿನಲ್ಲಿ ಉಳಿದರು. ಮಾವ ಜಗಲಿಯ ಮೇಲೆ ಕುಳಿತು ಬ್ಯಾಟನ್ನು ಪ್ರೆಸ್ಸಿಗೆ ಇಟ್ಟರು. ಒಂದು ತಿರುಪನ್ನು ಹಿಡಿದು, ಅರ್ಧ ಸುತ್ತಿಗೆ ನಿಲ್ಲಿಸದೆ, ಒಂದೇ ಸಲಕ್ಕೆ ಕೊನೆಯವರೆಗೂ ಬಿಗಿದರು. ಆಮೇಲೆ ಅದರ ಪಕ್ಕದ್ದು. ಒಂದು ನಿಮಿಷದಲ್ಲಿ ನಾಲ್ಕೂ ಮುಗಿದವು. ನಾನು ಬಾಗಿಲಲ್ಲೇ ನಿಂತಿದ್ದೆ. ಏನಾದರೂ ಬೇಕೆಂದು ಕೂಗುತ್ತಾರೇನೋ ಎಂದು ಕಾದೆ. ಅವರು ಎದ್ದು ಒಳಗೆ ಹೋಗಿ ಮಲಗಿದರು.

ನಾನು ಹಿತ್ತಲಿಗೆ ಬಂದೆ. ಪುಟ್ಟನಂಜಮ್ಮ ಗೋಡೆಯ ಆಚೆ ಹಸುವಿಗೆ ಹುಲ್ಲು ಹಾಕುತ್ತಿದ್ದರು.

"ಏನವ್ವ, ಗೆದ್ರಂತಾ?"

"ಗೆದ್ರು."

"ಶೇಕದಾರ್ರು ಆಡುದ್ರಾ?"

"ಇಲ್ಲ. ಅವರ ಜಾಗಕ್ಕೆ ಬೇರೆಯವರು ಬಂದ್ರು. ಇನ್ನು ಹೋಗಲ್ಲ ಅನ್ಸುತ್ತೆ."

"ಓಗ್ಲಿ ಬುಡಿ, ವಯಸ್ಸಾಯ್ತಲ್ಲ" ಎಂದರು ಪುಟ್ಟನಂಜಮ್ಮ, ಹುಲ್ಲಿನ ಕಟ್ಟು ಬಿಚ್ಚುತ್ತ. "ಒಳ್ಳೇದೇ ಆಯ್ತು ಕಣವ್ವ, ಮೂರು ಗಂಟ್ ಮೇಲೆ ನಿಮ್ಗೂ ಕೈ ಬುಡುವಾಯ್ತಲ್ಲ. ನಾಳೆ ಬನ್ನಿ, ಇಬ್ರೂ ಕೂತು ಸಂಡಿಗೆ ಇಡನ."